ಮಹಡಿಗೆ ಕರೆಂಟು ಕೊಡದ ಮೇಘನ

ಚಿನಕುರಳಿಯ ಮೇಘನ ಐಟಿಐ ಮುಗಿಸಿ ಒಂಬತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದಾಳೆ. ಹೆಂಗಸಿಗೆ ಯಾಕೆ ಈ ಕೆಲಸ ಎಂದು ಮೂಗು ಮುರಿದವರ ಮನೆಯಲ್ಲೂ ಈಗ ಅವಳು ಹಾಕಿದ ದೀಪವೇ ಉರಿಯುತ್ತದೆ. ಮನೆ ಈಗಾಗಲೇ ಬಳಸುತ್ತಿರುವ ಕರೆಂಟಿನ ಲೋಡು ಅಳೆಯದೆ ಹೊಸ ತಂತಿ ಎಳೆಯುವವಳಲ್ಲ. ಆ ವಿಷಯದಲ್ಲಿ ಮಹಾ ಹಟಮಾರಿ.

ಕ್ಯಾತನಹಳ್ಳಿಯ ಲೋಕೇಶ್ ಹಳೆ ಮನೆಯ ಮೇಲೆ ಮಹಡಿ ಕಟ್ಟಿಸಿ ಎರಡು ಏಸಿ ತಂದಿಟ್ಟಿದ್ದ. ಶುಕ್ರವಾರ ಗೃಹಪ್ರವೇಶ. ಮಂಗಳವಾರ ಮಧ್ಯಾಹ್ನ ಮೇಘನ ಮೀಟರ್ ಹಿಡಿದಾಗ ನಾಲ್ಕೇ ಆಂಪಿಯರ್ ತೋರಿಸಿತು. ಮೇನ್ ಸ್ವಿಚ್ಚು ತಡೆಯುವುದು ಮೂವತ್ತೆರಡು.

"ನೋಡವ್ವ, ಬೇಕಾದಷ್ಟು ಜಾಗ ಅದೆ. ಕನೆಕ್ಷನ್ ಕೊಟ್ಬುಡು," ಎಂದ ಲೋಕೇಶ್.

"ಈಗ ಏನೂ ಓಡ್ತಿಲ್ಲ. ನಾಳೆ ಆಲು ಕರೆಯೋ ಒತ್ಗೆ ಬತ್ತೀನಿ ಕಣಣ್ಣ."

ಬೆಳಿಗ್ಗೆ ಆರಕ್ಕೆ ಬಂದಳು. ವೈರಿಂಗಿನವರು ಬಂದರೆಂದರೆ ನಮ್ಮ ಕಡೆಯವರು ದೊಡ್ಡ ಮಿಷಿನ್ನುಗಳನ್ನೆಲ್ಲ ಆರಿಸಿ ಕಾಫಿಗಿಡುತ್ತಾರೆ, ಅದೊಂದು ಮರ್ಯಾದೆ. ಲೋಕೇಶನ ತಾಯಿ ಸೋಮಮ್ಮನೂ ಹಾಗೇ ಮಾಡಿದರು. ಮೀಟರಿನಲ್ಲಿ ಮತ್ತೆ ನಾಲ್ಕು. ಮೇಘನಳಿಗೆ ಸಿಟ್ಟು ನೆತ್ತಿಗೇರಿತು.

"ಅವ್ವ, ನಾನು ನೆಂಟ್ರಲ್ಲ. ದಿನಾ ಏನೇನು ಆಕ್ತೀರೋ ಎಲ್ಲ ಆಕಿ."

ಗೀಸರ್, ಹಾಲು ಕರೆಯುವ ಮಿಷಿನ್ನು, ನೀರಿನ ಮೋಟಾರು. ಇಪ್ಪತ್ತೆರಡಾಯಿತು. ಮೇವು ಕತ್ತರಿಸುವ ಮಿಷಿನ್ನಿನ ಕಡೆ ಹೋದ ಸೋಮಮ್ಮ ಮೊದಲು ಗೀಸರ್ ಆರಿಸಿದರು.

"ಅದ್ಯಾಕೆ ಆರ್ಸುದ್ರಿ?"

"ಎಲ್ಡೂ ಆಕುದ್ರೆ ಲೈಟು ಮಂಕಾಯ್ತದೆ ಕಣವ್ವ, ಬೋರ್ಡು ಸುಟ್ಟ ವಾಸ್ನೆ ಬತ್ತದೆ. ಅದ್ಕೇ ಒಂದಾರ್ಸಿ ಒಂದಾಕ್ತೀನಿ."

ಮೇಘನ ಬೋರ್ಡಿನತ್ತ ತಿರುಗಿದಳು. ಇಷ್ಟು ವರ್ಷ ಈ ಮನೆ ಸುಡದಂತೆ ಕಾದದ್ದು ಎಪ್ಪತ್ತರ ಈ ಮುದುಕಿ! ಗೀಸರನ್ನೂ ಹಾಕಿಸಿ ಅರೆಗಳಿಗೆ ಎಲ್ಲ ಓಡಿಸಿದಳು. ಮೂವತ್ತಾರು.

"ಏಸಿ ಇಲ್ದೇನೇ ಇಷ್ಟು ಕಣಣ್ಣ. ಲೋಡು ಎಚ್ಚು ಮಾಡ್ಸಕೆ ಕರೆಂಟಾಫೀಸ್ಗೆ ಅರ್ಜಿ ಕೊಡಿ, ಬೋರ್ಡು ಬದಲಾಯ್ಸನ. ಅಲ್ಲೀಗಂಟ ನಾನು ಕನೆಕ್ಷನ್ ಕೊಡಕಿಲ್ಲ."

"ಶುಕ್ರವಾರ ನೆಂಟ್ರು ಬತ್ತಾವ್ರೆ! ಬ್ಯಾರೆಯವರ್ನ ಕರಿಸ್ತೀನಿ ಬುಡು."

ಕೆಲಸದ ಜೊತೆ ಹೆಸರೂ ಹೋಗುತ್ತದೆಂದು ಅವಳಿಗೆ ಭಯವಾಯಿತು. ಆದರೂ ಮೀಟರನ್ನು ಚೀಲಕ್ಕೆ ಹಾಕಿದಳು. "ಯಾರ್ನಾದ್ರೂ ಕರ್ಸಿ. ನಾನಂತೂ ಮುಟ್ಟಕಿಲ್ಲ."

ಸೋಮಮ್ಮ ಮಗನ ಮುಖ ನೋಡಿದರು. "ಅಲ್ಲ ಕಣ್ಲಾ, ನಾನು ಸತ್ಮ್ಯಾಕೆ ಗೀಸರ್ ಆರ್ಸೋರು ಯಾರ್ಲಾ?"

ಲೋಕೇಶ್ ಬೈಕಿನ ಕೀಲಿ ಕೈಗೆ ತೆಗೆದುಕೊಂಡು, "ಅರ್ಜಿಗೆ ಏನೇನು ಕಾಗದ ಬೇಕವ್ವ?" ಎಂದು ಮೇಘನಳನ್ನು ಕೇಳಿದ.