ಅಣ್ಣನ ಎರಡನೆಯ ಪುಸ್ತಕ

ಅಣ್ಣನ ಕೈಬರಹ ಸಣ್ಣದಾಗುತ್ತಾ ಬಂದದ್ದನ್ನು ಮೊದಲು ಕಂಡವಳು ನಾನು. ಕಂಡು ಬೈದವಳೂ ನಾನೇ.

ಕೊಡ್ಲಿಪೇಟೆಯ ಶಾಲೆಯಲ್ಲಿ ನಾನು ಟೀಚರು. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೇನೆ. ಕೆಟ್ಟ ಅಕ್ಷರ ಕಂಡರೆ ನನಗೆ ಮೈ ಉರಿಯುತ್ತದೆ. ಅವತ್ತು ಅಣ್ಣ ಯಾವುದೋ ಎಸ್ಟೇಟಿಗೆ ಪಂಪಿನ ವಾಷರು ಬೇಕೆಂದು ಕಾಗದ ಬರೆಯುತ್ತಿದ್ದ. ಮೊದಲ ಸಾಲು ಸರಿಯಾಗಿತ್ತು. ಎರಡನೆಯದು ಸಣ್ಣದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸಾಸಿವೆ ಚೆಲ್ಲಿದ ಹಾಗಿತ್ತು. ಕಾಗದ ಉಳಿಸ್ತಿದ್ದೀಯಾ, ಓದೋರು ಭೂತಗನ್ನಡಿ ತರಬೇಕಾ ಅಂತ ಕೇಳಿದೆ. ಕೈ ಬಿಗಿಯಾಗ್ತದೆ ಕಣೆ ಅಂದ. ಅಂಟು ಹಚ್ಚಿ ಕಳಿಸಿಬಿಟ್ಟ.

ನಾನು ಅದನ್ನು ಅಲ್ಲಿಗೇ ಮರೆತೆ.

ಅಣ್ಣನನ್ನು ಓದುಗರು ರುದ್ರಪ್ಪ ಎಂದು ಬಲ್ಲರು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಷಾಪಿನಲ್ಲಿದ್ದವನು ವಾಪಸು ಬರುವಾಗ ಒಂದು ಮೋಟಾರ್ ಸೈಕಲ್ ತಂದ. ಆಮೇಲೆ ಇಡೀ ಕೊಡಗೇ ಅವನ ಕಾರ್ಖಾನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಇಂಜಿನ್ನು, ನೀರೆತ್ತುವ ಪಂಪು, ಯಾವುದು ಎಲ್ಲಿ ಕೆಟ್ಟರೂ ಇವನಿಗೆ ಹೇಳಿಕಳಿಸುತ್ತಿದ್ದರು. ಬೆಳಿಗ್ಗೆ ಇಲ್ಲಿ ಗಾಡಿ ಹತ್ತಿದರೆ ಮಡಿಕೇರಿ ದಾಟಿ ಬಿಟ್ಟಂಗಾಲದವರೆಗೂ ಹೋಗಿಬಿಡುವವನು. ದಾರಿಯಲ್ಲಿ ಯೋಚಿಸಿದ್ದನ್ನು ಮನೆಗೆ ಬಂದು, ಕೈಯ ಗ್ರೀಸು ಒರೆಸಿಕೊಳ್ಳದೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಿನ್ನ ಕೈ ಗ್ರೀಸಾಗಿ ಪುಸ್ತಕವೂ ಗ್ರೀಸಾಯ್ತು ಅಂತ ರೇಗಿಸುತ್ತಿದ್ದೆ. ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಆ ನೋಟ್‌ಬುಕ್ಕೇ ಅಚ್ಚಾಯಿತು. ‘ಗಾಡಿ ಬಿಚ್ಚಿದವನ ಮಾತು’. ಬದುಕಿನ ಬಗ್ಗೆ ದೊಡ್ಡ ಮಾತು ಆಡುವ ಪುಸ್ತಕವಲ್ಲ ಅದು. ಕಾರ್ಬೊರೇಟರ್ ತೊಳೆಯುವುದು ಹೇಗೆ ಅಂತ ಶುರುವಾಗಿ, ಸಿಟ್ಟು ಬಂದಾಗ ಏನು ಮಾಡಬೇಕು ಅನ್ನುವಲ್ಲಿಗೆ ಹೋಗಿ ಮುಟ್ಟುತ್ತದೆ. ಸದ್ದನ್ನು ಪೂರ್ತಿ ಕೇಳುವ ಮೊದಲು ಸ್ಪ್ಯಾನರ್ ಎತ್ತಬೇಡಿ ಅಂತ ಅದರಲ್ಲಿ ಒಂದು ಕಡೆ ಬರೆದಿದ್ದಾನೆ. ಅದನ್ನು ಓದಿದವರು ಗಾಡಿ ಇಲ್ಲದಿದ್ದರೂ ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಎರಡನೆಯದು ಯಾವಾಗ ಅಂತ ಕೇಳುತ್ತಿದ್ದರು.

ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನನಗೆ ಮದುವೆಯಾಗಲಿಲ್ಲ. ಅದಕ್ಕೆ ನನ್ನ ಬಾಯಿ ಕಾರಣ ಎಂದು ಅವ್ವ ಹೇಳುತ್ತಿದ್ದಳು.

ಕಾಗದದ ಸಂಗತಿಯಾಗಿ ಕೆಲವು ತಿಂಗಳಿಗೆ, ಗಾಡಿ ಅದುರುತ್ತಿದೆ ಎಂದು ಅಣ್ಣ ಶುರುಮಾಡಿದ. ಬಲಗಡೆ ಹ್ಯಾಂಡಲಿನಲ್ಲಿ ಎಂಥದೋ ಅದುರಾಟ. ಒಂದು ಭಾನುವಾರ ಅಂಗಳದಲ್ಲಿ ಗೋಣಿತಾಟು ಹಾಸಿ ಇಂಜಿನ್ ಬಿಚ್ಚಿದ. ಏನೂ ಸಿಗಲಿಲ್ಲ. ಮುಂದಿನ ಭಾನುವಾರ ಮತ್ತೆ ಬಿಚ್ಚಿ ಬೇರಿಂಗು ಬದಲಾಯಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ. ಅವನೂ ನಕ್ಕ. ಮೂರನೆಯ ಭಾನುವಾರ ಮಧ್ಯಾಹ್ನ ನನ್ನನ್ನು ಕರೆದ. ಹೋಗಿ ನೋಡಿದರೆ ನಿಂತ ಗಾಡಿಯ ಮೇಲೆ ಸುಮ್ಮನೆ ಕೂತಿದ್ದಾನೆ. ಬಲಗೈ ಹ್ಯಾಂಡಲಿನ ಮೇಲಿದೆ.

“ಇಂಜಿನ್ ಆಫ್ ಮಾಡೀನಿ ಪಾರ್ವತಿ,” ಅಂದ. “ಆದ್ರೂ ಅದುರ್ತಾ ಅದೆ.”

ಅದುರುತ್ತಿದ್ದದ್ದು ಗಾಡಿಯಲ್ಲ.

ಮಡಿಕೇರಿಗೆ ಬಸ್ಸಿನಲ್ಲಿ ಹೋದೆವು. ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಬಯಲುಸೀಮೆಯ ಕಡೆಯವರು. ಅಣ್ಣನನ್ನು ವರಾಂಡದ ಆ ತುದಿಯಿಂದ ಈ ತುದಿಗೆ ನಡೆಸಿದರು. ಮೊಣಕೈ ಮಡಿಚಿ ಬಿಡಿಸಿ ನೋಡಿದರು. ಕಾಗದ ಕೊಟ್ಟು, ನಿಮ್ಮ ಹೆಸರನ್ನು ಐದು ಸಲ ಬರೆಯಿರಿ ಅಂದರು. ಐದನೆಯ ಹೆಸರನ್ನು ನಾನು ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಕಾಗದ ಉಳಿಸ್ತಿದ್ದೀಯಾ ಅಂತ ಕೇಳಿದ್ದೆನಲ್ಲ.

ಪಾರ್ಕಿನ್ಸನ್ಸ್ ಡಿಸೀಸ್ ಎಂದರು. ನರಗಳದ್ದು. ಟ್ರೆಮರ್, ಅಂದರೆ ಈ ಅದುರಾಟ, ಕಡಿಮೆಯಾಗಲು ಮಾತ್ರೆ ಇದೆ.

ವಾಸಿಯಾಗುವುದಿಲ್ಲ.

ಅಣ್ಣ ಗಾಡಿಯ ವಿಷಯ ಕೇಳುತ್ತಾನೆ ಅಂದುಕೊಂಡಿದ್ದೆ. ಕೇಳಲಿಲ್ಲ. ತಲೆ ಕೆಡ್ತದಾ ಡಾಕ್ಟ್ರೆ ಅಂತ ಕೇಳಿದ. ಅದಕ್ಕೆ ಅವರು ಅಣ್ಣನನ್ನು ಬಿಟ್ಟು ನನ್ನ ಮುಖ ನೋಡಿ ಉತ್ತರ ಹೇಳಿದರು.

“ಯೋಚನೆ ಎಲ್ಲೂ ಹೋಗಲ್ಲಮ್ಮ. ಮಾತು ನಿಧಾನ ಆಗುತ್ತೆ, ದನಿ ಇಳಿಯುತ್ತೆ. ಒಂದು ಮಾತು ಹೊರಗೆ ಬರೋಕೆ ಟೈಮ್ ತಗೊಳುತ್ತೆ. ನೀವು ಕಾಯಬೇಕು.”

ಆಗಲಿ ಅಂದೆ. ಕಾಯುವುದೇನು ಮಹಾ ಕೆಲಸ ಅನ್ನಿಸಿತ್ತು ನನಗೆ.

ಗಾಡಿಯನ್ನು ಅಣ್ಣ ಆ ತಿಂಗಳೇ ಬಿಟ್ಟಂಗಾಲದ ಕಡೆಯ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರಿಗೆ ಕೊಟ್ಟುಬಿಟ್ಟ. ಯಾವ ಬೋಲ್ಟು ಎಷ್ಟು ಬಿಗಿ ಇರಬೇಕೆಂದು ಅವರಿಗೆ ಒಂದು ಗಂಟೆ ಪಾಠ ಹೇಳಿದ.

ಆಮೇಲಿನ ಏಳು ವರ್ಷವನ್ನು ಹೇಗೆ ಹೇಳಲಿ? ದಿನ ದಿನ ನೋಡಿದರೆ ಏನೂ ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಿರುಗಿ ನೋಡಿದರೆ ಏನೋ ಒಂದು ಹೋಗಿರುತ್ತಿತ್ತು. ಮೊದಲು ಅಂಗಿಯ ಗುಂಡಿ. ಆಮೇಲೆ ಪೆನ್ನು. ಆಮೇಲೆ ಲೋಟ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅವನಿಗೆ ಸ್ನಾನ ಮಾಡಿಸಿ, ಅಕ್ಕಿರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿ, ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಿದ್ದೆ. ಸಮ ನೆಲದಲ್ಲಿ ಅವನ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಿತ್ತು. ವಿಚಿತ್ರವೆಂದರೆ ಮೆಟ್ಟಿಲನ್ನು ಸರಾಗ ಹತ್ತುತ್ತಿದ್ದ. ಅದಕ್ಕೆ ಕಾರಣ ಕಂಡುಹಿಡಿದವನೂ ಅವನೇ. ಕಾಲಿಗೆ ದಾಟಲು ಏನಾದರೂ ಬೇಕು ಕಣೆ, ನೆಲದ ಮೇಲೆ ಗೆರೆ ಎಳೆ ಅಂದ. ಶಾಲೆಯ ಸೀಮೆಸುಣ್ಣದಲ್ಲಿ ಜಗುಲಿಯಿಂದ ಬಚ್ಚಲಿನವರೆಗೆ ಮೊಳಕ್ಕೊಂದು ಗೆರೆ ಹಾಕಿದೆ. ಗೆರೆ ದಾಟಿ ದಾಟಿ ನಡೆದ. ತನ್ನ ದೇಹವನ್ನೂ ಒಂದು ಇಂಜಿನ್ನಿನ ಹಾಗೆ ಕೂತು ಯೋಚಿಸುತ್ತಿದ್ದ ಅವನು.

ಹೋಗದೆ ಇದ್ದದ್ದು ಪುಸ್ತಕದ ಆಸೆ. ಗಾಡಿ ಬಿಟ್ಟ ಮೇಲೆ ಏನು ಕಂಡಿತು ಅನ್ನುವುದನ್ನು ಬರೆಯಬೇಕು ಎಂದು ಅವನಿಗೆ. ಐದನೆಯ ವರ್ಷ ಅದನ್ನು ಹೇಳಿದ. ನಾನು ಹೇಳ್ತೀನಿ, ನೀನು ಬರ್ಕೊ. ನನಗೂ ಖುಷಿಯಾಯಿತು. ಶಾಲೆಯಿಂದ ಬಂದು ಕಾಫಿ ಕುಡಿಸಿ, ಜಗುಲಿಯಲ್ಲಿ ಅವನ ಎದುರು ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ.

ಅವನ ಮಾತು ಆಗಲೇ ತುಂಬ ನಿಧಾನವಾಗಿತ್ತು. ಒಂದು ಶಬ್ದ ಬರುತ್ತಿತ್ತು. ಆಮೇಲೆ ಏನೂ ಇಲ್ಲ. ತುಟಿ ಅದುರುತ್ತಿತ್ತು. ನಾನು ಬಚ್ಚಲ ಒಲೆಯ ಕಡೆ, ತಿದ್ದಬೇಕಾದ ಪುಸ್ತಕಗಳ ಕಡೆ ನೋಡುತ್ತಿದ್ದೆ. ಇನ್ನೊಂದು ಶಬ್ದ ಬರುತ್ತಿತ್ತು. ಓದಲು ತಡವರಿಸುವ ಮಕ್ಕಳಿಗೆ ಮುಂದಿನ ಶಬ್ದ ಹೇಳಿಕೊಟ್ಟು ಅಭ್ಯಾಸವಾದ ಬಾಯಿ ನನ್ನದು. “ಬ್ರೇಕು... ಹಿಡಿಯೋದು...” ಅಂತ ಅವನು ಅಂದರೆ, ಸಂಯಮದ ಸಂಕೇತ ಅಲ್ವಾ ಅಣ್ಣ ಎನ್ನುತ್ತಿದ್ದೆ. ಅವನು ನನ್ನನ್ನೇ ನೋಡುತ್ತಿದ್ದ. ಬ್ರೇಕು ಸಂಯಮದ ಸಂಕೇತ ಎಂದು ಬರೆದುಕೊಳ್ಳುತ್ತಿದ್ದೆ.

ಈ ಕಾಯಿಲೆ ಮುಖವನ್ನೂ ತಿಂದುಹಾಕುತ್ತದೆ. ಸಿಟ್ಟು, ನಗು, ಬೇಸರ, ಯಾವುದೂ ಅವನ ಮುಖಕ್ಕೆ ಬರುತ್ತಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಗಾದೆ ಇದೆಯಲ್ಲ, ಅದನ್ನೇ ನಾನು ನೆಚ್ಚಿಕೊಂಡೆ. ಎರಡು ವರ್ಷಕ್ಕೆ ನೂರ ನಲವತ್ತು ಪುಟವಾಯಿತು. ಮುತ್ತಿನಂಥ ಅಕ್ಷರ. ಒಂದು ಕಾಗುಣಿತ ತಪ್ಪಿಲ್ಲ.

ಹೋದ ದೀಪಾವಳಿಯ ರಜೆಯಲ್ಲಿ, ಒಂದು ಮಧ್ಯಾಹ್ನ, ಅಣ್ಣ ಅದನ್ನೆಲ್ಲ ಓದಿ ಹೇಳು ಅಂದ. ಓದಿದೆ. ದನಿ ಏರಿಸಿ ಇಳಿಸಿ, ಬಹುಮಾನದ ಭಾಷಣದ ಹಾಗೆ ಮೂರು ಅಧ್ಯಾಯ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಓದಿ ಮುಗಿಸಿ ಹೇಗಿದೆ ಅಂತ ಕೇಳಿದೆ.

“ಚೆನ್ನಾಗದೆ,” ಅಂದ.

ನಾನು ಹಿಗ್ಗಿ, ಅನ್ನಕ್ಕಿಡಲು ಎದ್ದೆ. ಬಾಗಿಲ ಹತ್ತಿರ ಹೋಗಿದ್ದೆ. ಹಿಂದಿನಿಂದ ಅವನ ದನಿ ಬಂತು.

“ಇದ್ನ ಯಾರು ಬರ್ದಿದ್ದು?”

ಡಾಕ್ಟರು ಹೇಳಿದ್ದು ಸುಳ್ಳಾಯಿತು, ತಲೆಯೂ ಹೋಯಿತು ಅಂದುಕೊಂಡೆ. ನೀನೇ ಅಣ್ಣ, ನೀನು ಹೇಳಿದ್ದನ್ನೇ ಬರ್ಕೊಂಡಿದ್ದು ಅಂದೆ. ಅವನು ಮುಂದಿನ ಮಾತು ಹೇಳಲು ಹೊರಟ. ಈ ಸಲ ಏನು ಬರುತ್ತದೆಂದು ನನಗೆ ಹೊಳೆಯಲಿಲ್ಲ. ಹಾಗಾಗಿ ನಡುವೆ ಬಾಯಿ ಹಾಕದೆ ನಿಂತೆ.

“ನಾನು... ಹಿಂಗೆ... ಮಾತಾಡಲ್ಲ ಕಣೆ.”

ಅವನ ತಲೆ ಸರಿಯಾಗಿಯೇ ಇತ್ತು. ಎರಡು ವರ್ಷ, ದಿನವೂ ನಾನು ಅವನ ಬಾಯಿಂದ ಮಾತು ಕಿತ್ತುಕೊಂಡಿದ್ದೆ. ಅವನು ಎಷ್ಟು ಸಲ ಅದಲ್ಲ ಎನ್ನಲು ಹೊರಟಿದ್ದನೋ, ಅದನ್ನೂ ನಾನೇ ಮುಗಿಸಿ ಬರೆದುಕೊಂಡಿದ್ದೆನೋ, ನನಗೆ ಗೊತ್ತಿಲ್ಲ. ಆ ಪುಟಗಳನ್ನು ಈಗ ತಿರುಗಿಸಿದರೆ ಸಂಯಮ, ಸಾಧನೆ, ಸಾರ್ಥಕತೆ ಬಿಟ್ಟು ಬೇರೆ ಇಲ್ಲ. ಅಣ್ಣ ಆಯುಸ್ಸಿನಲ್ಲೇ ಈ ಮೂರು ಶಬ್ದ ಆಡಿದವನಲ್ಲ.

ಕೆಲಸ ಜಾಸ್ತಿ, ಕಾಯಲು ಪುರುಸೊತ್ತಿರಲಿಲ್ಲ ಎಂದು ಬೇರೆಯವರಿಗೆ ಹೇಳಿದ್ದೇನೆ. ಅದು ಸುಳ್ಳು. ಪುರುಸೊತ್ತಿತ್ತು. ತಾಳ್ಮೆ ಇರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ನನ್ನ ವಾಕ್ಯ ಅವನ ವಾಕ್ಯಕ್ಕಿಂತ ಚೆಂದ ಎಂದು ನನಗೆ ಅನ್ನಿಸುತ್ತಿತ್ತು. ಕಾರ್ಖಾನೆಯ ಭಾಷೆಯನ್ನು ಪುಸ್ತಕದ ಭಾಷೆ ಮಾಡಿ ಅವನಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನನಗೆ ನಾಚಿಕೆಯಾಗುತ್ತದೆ.

ಮಾರನೆಯ ದಿನ ಹೊಸ ನೋಟ್‌ಬುಕ್ ತಂದು ಕೂತೆ. ಬ್ರೇಕಿನ ಮಾತನ್ನು ಮೊದಲಿಂದ ಹೇಳು ಅಂದೆ. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡು ಕಾದೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಕಚ್ಚಿ ಹಿಡಿದಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಏಳಲಿಲ್ಲ. ಬಸ್ಸು ಬಂದು, ಜನ ಇಳಿದು, ಶನಿವಾರಸಂತೆ ಕಡೆಗೆ ಹೋಯಿತು. ಆಮೇಲೆ ವಾಕ್ಯ ಮುಗಿಯಿತು.

“ಬ್ರೇಕು ಹಿಡಿಯೋದು ಕಲ್ತಿದ್ದು ಬಿದ್ದ ಮೇಲೆ.”

ಅಷ್ಟೇ. ಸಂಯಮವೂ ಇಲ್ಲ, ಸಂಕೇತವೂ ಇಲ್ಲ. ನಾನು ಅಳುತ್ತಾ ಬರೆದುಕೊಂಡೆ. ಅವನ ದನಿ ಆ ಹೊತ್ತಿಗೆ ಪಿಸುಮಾತಾಗಿತ್ತು. ಎಷ್ಟೋ ಸಂಜೆ ಒಂದು ಶಬ್ದವೂ ಬರದೆ ಇಬ್ಬರೂ ಎದ್ದಿದ್ದೇವೆ. ಮೂರು ತಿಂಗಳಲ್ಲಿ ಹನ್ನೊಂದು ವಾಕ್ಯ ಸಿಕ್ಕಿತು. ನಡುವೆ ಅವನು ಏನನ್ನು ಯೋಚಿಸುತ್ತಾನೋ ನೋಡುತ್ತಾ ಕೂರುವುದು ಕೊನೆಕೊನೆಗೆ ನನಗೆ ಕಷ್ಟವೇ ಅನ್ನಿಸಲಿಲ್ಲ. ಏಳು ವರ್ಷದಲ್ಲಿ ಅಣ್ಣನ ಜೊತೆ ನಾನು ನಿಜವಾಗಿ ಇದ್ದದ್ದು ಆ ಮೂರು ತಿಂಗಳು.

ಆಮೇಲೆ ಗಂಜಿ ಗಂಟಲಿನಲ್ಲಿ ಇಳಿಯದೆ ಎದೆಗೆ ಹೋಗತೊಡಗಿತು. ಜ್ವರ ಬಂತು. ಮಡಿಕೇರಿಗೆ ವ್ಯಾನಿನಲ್ಲಿ ಕರೆದೊಯ್ದೆವು. ನ್ಯುಮೋನಿಯಾ ಅಂದರು. ಪೆನ್ಸಿಲಿನ್ ಕೊಟ್ಟರು, ಆಕ್ಸಿಜನ್ ಇಟ್ಟರು. ಹಿಂದಿನ ಡಾಕ್ಟರು ರಿಟೈರಾಗಿದ್ದರು. ಹೊಸಬರು ಚಿಕ್ಕ ವಯಸ್ಸಿನವರು. ಪೇಷಂಟ್ ಮಾತಾಡ್ತಾರಾ ಅಂತ ಕೇಳಿದರು. ಆಡ್ತಾರೆ, ನೀವು ಕಾಯಬೇಕು ಅಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಅಣ್ಣ ಕಣ್ಣು ತೆರೆದು ನನ್ನನ್ನು ಗುರುತಿಸಿದ. ತುಟಿ ಅಲ್ಲಾಡಿತು. ಕಿವಿಯನ್ನು ಅವನ ಬಾಯಿಯ ಹತ್ತಿರ ಇಟ್ಟೆ.

“ಪಾರ್ವತಿ... ನೀನು... ಬರ್ದಿದ್ದು...”

ಕಾದೆ. ನರ್ಸು ಬಂದು ಟೆಂಪರೇಚರ್ ನೋಡಿ ಹೋದಳು. ಮಂಚದ ಮೇಲೆ ಬಿಸಿಲು ಬಂತು. ನಾನು ಅಲ್ಲಾಡದೆ ಕಾದೆ. ಅವನು ಹಾಗೇ ನಿದ್ದೆಹೋದ. ಎದ್ದ ಮೇಲೆ ಹೇಳುತ್ತಾನೆ ಅಂದುಕೊಂಡೆ. ಆ ನಿದ್ದೆಯಿಂದ ಸರಿಯಾಗಿ ಏಳಲಿಲ್ಲ. ಎರಡು ದಿನ ಬಿಟ್ಟು ಹೋದ.

ಈಗ ಮೂರು ತಿಂಗಳಾಯಿತು. ಹೋದ ವಾರ ಮೊದಲ ಪುಸ್ತಕ ಅಚ್ಚು ಹಾಕಿದ ಪ್ರೆಸ್ಸಿನವರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯರು. ನೂರ ನಲವತ್ತು ಪುಟ ತಯಾರಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅದು ಅಣ್ಣನದಲ್ಲ ಎಂದು ವಿವರಿಸಿದೆ. ರುದ್ರಪ್ಪನವರ ಹೆಸರೇ ಹಾಕೋಣ, ಯಾರಿಗೆ ಗೊತ್ತಾಗ್ತದೆ ಅಂದರು. ಕೊಡಲಿಲ್ಲ. ಓದುಗರು ಕಾಯುತ್ತಿದ್ದಾರೆಂದು ಗೊತ್ತಿದೆ. ಅವರಿಗೆ ಇಷ್ಟೇ ಹೇಳಬಲ್ಲೆ. ರುದ್ರಪ್ಪನ ಎರಡನೆಯ ಪುಸ್ತಕ ಇತ್ತು, ಅವನ ತಲೆಯಲ್ಲಿ ಪೂರ್ತಿ ಇತ್ತು. ಅದು ಹೊರಗೆ ಬರುವ ದಾರಿಯಲ್ಲಿ ನಾನು ಕೂತಿದ್ದೆ. ಅವನು ಆ ಮಧ್ಯಾಹ್ನ ಕೇಳದೇ ಹೋಗಿದ್ದರೆ ನನ್ನ ಮಾತನ್ನೇ ಅವನ ಹೆಸರಿನಲ್ಲಿ ಅಚ್ಚು ಹಾಕಿಸಿ ಹೆಮ್ಮೆಪಡುತ್ತಿದ್ದೆ. ಅದೊಂದು ತಪ್ಪಿತು. ಅಷ್ಟಕ್ಕೆ ದೇವರಿಗೆ ಕೈಮುಗಿಯುತ್ತೇನೆ.

ಹನ್ನೊಂದು ವಾಕ್ಯದ ನೋಟ್‌ಬುಕ್ಕನ್ನು ಪ್ರೆಸ್ಸಿನವರ ಮುಂದಿಟ್ಟೆ. ಒಂದೇ ಹಾಳೆಯಲ್ಲಿ ಹಾಕಿಕೊಡಿ ಅಂದೆ. ಅವರು ಒಂದೊಂದಾಗಿ ಓದಿದರು. ಕಡೆಯಲ್ಲಿ ಆಸ್ಪತ್ರೆಯಲ್ಲಿ ಆಡಿದ ಆ ಮೂರು ಶಬ್ದವನ್ನೂ ಬರೆದಿದ್ದೆ. ಅಲ್ಲಿ ಬೆರಳಿಟ್ಟರು.

“ಇದು ಅರ್ಧಕ್ಕೇ ನಿಂತದೆಯಲ್ಲ ಟೀಚರೆ. ಒಂದು ಮಾತು ಸೇರಿಸಿ ಮುಗಿಸಿಕೊಡಿ.”

ನೀನು ಬರೆದದ್ದು ಚೆನ್ನಾಗಿತ್ತು ಎನ್ನಲು ಹೊರಟಿದ್ದನೋ, ನೀನು ಬರೆದದ್ದನ್ನು ಸುಟ್ಟುಬಿಡು ಎನ್ನಲು ಹೊರಟಿದ್ದನೋ. ದಿನಕ್ಕೆ ಹತ್ತು ಸಲ ಈ ವಾಕ್ಯ ಮುಗಿಸುವುದು ನನ್ನ ನಾಲಿಗೆಯ ತುದಿಗೆ ಬರುತ್ತದೆ.

“ಅವನು ಹೇಳಿದ್ದು ಅಷ್ಟೇ,” ಅಂದೆ. “ಅಷ್ಟೇ ಇರ್ಲಿ.”