ಬಾಣಂತನದ ಎಡಗಾಲು

ರೇಡಿಯಾಲಜಿಯಲ್ಲಿ ಎಂ.ಡಿ. ಮುಗಿಸಿ ಮೂಡುಬಿದಿರೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ನನಗೆ ಆಗ ಎರಡನೆಯ ವರ್ಷ. ಕೊರೋನಾ ಮುಗಿದು, ಆಸ್ಪತ್ರೆಯ ಒಳಗೂ ಮಾಸ್ಕ್ ಹಾಕುವವರು ಕಡಿಮೆಯಾಗತೊಡಗಿದ್ದ ಕಾಲ. ಬಂಟ್ವಾಳದ ಮನೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ವಾರದಲ್ಲಿ ಎರಡು ಮಧ್ಯಾಹ್ನ ಕಾಲಿನ ಡಾಪ್ಲರ್ ಪರೀಕ್ಷೆಗೆ ಮೀಸಲಾಗಿದ್ದವು. ರಕ್ತ ಯಾವ ನಾಳದಲ್ಲಿ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ಧ್ವನಿತರಂಗಗಳ ಮೂಲಕ ನೋಡುವ ಪರೀಕ್ಷೆ ಇದು.

ಕಾಲಿನ ರಕ್ತ ಹೃದಯದ ಕಡೆಗೆ ಮೇಲಕ್ಕೆ ಏರಬೇಕು. ಅದು ಹಿಂದಕ್ಕೆ ಜಾರದಂತೆ ತಡೆಯಲು ಅಭಿಧಮನಿಗಳ ಒಳಗೆ ಪುಟ್ಟ ಕವಾಟಗಳಿವೆ. ಕವಾಟಗಳು ಸೋತರೆ ರಕ್ತ ಕೆಳಗೇ ನಿಂತು, ಚರ್ಮದಡಿಯ ನಾಳಗಳು ಉಬ್ಬಿ ಸುರುಳಿಯಾಗುತ್ತವೆ. ಇದೇ ವೆರಿಕೋಸ್ ವೇನ್ಸ್. ನಮ್ಮ ಕಡೆ ‘ನರ ಉಬ್ಬಿದ್ದು’ ಎನ್ನುತ್ತಾರೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕಾಲು ಊದಿಕೊಳ್ಳುತ್ತದೆ, ಪಾದದ ಗಂಟಿನ ಬಳಿ ಚರ್ಮ ಕಪ್ಪಾಗುತ್ತದೆ, ಕೊನೆಗೆ ಮಾಯದ ಹುಣ್ಣಾಗುತ್ತದೆ.

ಶಶಿಕಲಾ ಬಂದದ್ದು ಅಂಥ ಒಂದು ಮಧ್ಯಾಹ್ನ. ಇಲ್ಲಿನ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಮೂವತ್ತನಾಲ್ಕು ವರ್ಷ, ಬೆಳ್ತಂಗಡಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ವಿಭಾಗದ ಕೆಲಸ. ಎಡಗಾಲಿನ ನಾಳಗಳಿಗೆ ಮರುದಿನ ಬೆಳಿಗ್ಗೆ ಲೇಸರ್ ಚಿಕಿತ್ಸೆ ನಿಗದಿಯಾಗಿತ್ತು. ಕೆಟ್ಟ ನಾಳವನ್ನು ಶಾಖದಿಂದ ಮುಚ್ಚಿ, ರಕ್ತವನ್ನು ಆಳದ ನಾಳಕ್ಕೆ ತಿರುಗಿಸುವ ಚಿಕಿತ್ಸೆ ಅದು. ಆಳದ ನಾಳ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳುವುದು ನನ್ನ ಕೆಲಸ.

ಕೆಲಸದ ನಡುವೆ ಕುಳಿತುಕೊಳ್ಳಲು ಬಿಡುತ್ತಾರೆಯೇ ಎಂದು ಕೇಳಿದೆ.

“ಅಲ್ಲಿ ಸೀರೆ ಉಡಿಸಿದ ಗೊಂಬೆಗೇ ಕೂತುಕೊಳ್ಳಲಿಕ್ಕೆ ಇಲ್ಲ ಡಾಕ್ಟ್ರೇ. ಇನ್ನು ನಮಗೆಲ್ಲಿ?”

ಮದುವೆಯ ಸೀಸನ್ ಶುರುವಾಗುವ ಮೊದಲು ಕಾಲು ಸರಿಯಾಗಬೇಕು, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆ ಹುಡುಗಿ ಬರುತ್ತಾಳೆ ಎಂದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಲೂ ಅವರು ಹಿಂಜರಿದರು. ಈ ಕಾಲನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲವಂತೆ. ಹೆಬ್ಬೆರಳಿನಷ್ಟು ದಪ್ಪದ ಸುರುಳಿಗಳಿದ್ದವು. ಪಾದದ ಒಳಗಂಟಿನ ಬಳಿ ಚರ್ಮ ಸುಟ್ಟ ತೊಗಲಿನಂತೆ ಗಡುಸಾಗಿತ್ತು.

ಆದರೆ ನನ್ನ ಕಣ್ಣು ನಿಂತದ್ದು ಕಾಲಿನ ಮೇಲಲ್ಲ. ತೊಡೆಸಂದಿ ನೋಡಲೆಂದು ಸೀರೆಯನ್ನು ಇನ್ನಷ್ಟು ಸರಿಸಿದ್ದೆವು; ಕಿಬ್ಬೊಟ್ಟೆಯ ಚರ್ಮದಡಿಯಲ್ಲೂ ನೀಲಿ ನಾಳಗಳು ಅಡ್ಡಲಾಗಿ ಹಾದು ಬಲಗಡೆಗೆ ಹೋಗಿದ್ದವು. ನಿಂತು ದುಡಿದ ಮಾತ್ರಕ್ಕೆ ಬರುವ ವೆರಿಕೋಸ್ ಅಷ್ಟು ಮೇಲಕ್ಕೆ ಹೋಗುವುದಿಲ್ಲ. ಧ್ವನಿತರಂಗ ಕಳಿಸುವ ಪ್ರೋಬ್ ಇಟ್ಟು ನೋಡಿದೆ. ಕಿಬ್ಬೊಟ್ಟೆಯ ಒಳಗಿನಿಂದ ತೊಡೆಯವರೆಗಿನ ಆಳದ ಮುಖ್ಯ ನಾಳ ಹಗ್ಗದಂತೆ ಕುಗ್ಗಿ, ಗೋಡೆ ದಪ್ಪವಾಗಿ, ಬಹುತೇಕ ಮುಚ್ಚಿಹೋಗಿತ್ತು. ಹಿಂದೊಮ್ಮೆ ಅಲ್ಲಿ ರಕ್ತ ಹೆಪ್ಪುಗಟ್ಟಿತ್ತು. ವೈದ್ಯಭಾಷೆಯಲ್ಲಿ ಇದು ಡೀಪ್ ವೇನ್ ಥ್ರಾಂಬೋಸಿಸ್.

ಈ ಕಾಲು ಯಾವಾಗಲಾದರೂ ಇದ್ದಕ್ಕಿದ್ದಂತೆ ಊದಿಕೊಂಡಿತ್ತೇ ಎಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. ಮಗು ಹುಟ್ಟಿದ ಹೊತ್ತಿನಲ್ಲಿ ಏನೋ ಆಗಿತ್ತು, ಅಮ್ಮನಿಗೆ ಗೊತ್ತಿರಬಹುದು, ಹೊರಗೆ ಕೂತಿದ್ದಾರೆ ಎಂದರು. ಅವರ ಕಾಲಿಗೆ ಹೊದಿಕೆ ಹಾಕಿ, ತಾಯಿಯನ್ನು ಒಳಗೆ ಕರೆಸಿದೆ.

ತಾಯಿ ಲಲಿತಕ್ಕ ಗುರುವಾಯನಕೆರೆಯ ಹತ್ತಿರದವರು. ಎಂಟು ವರ್ಷ ಹಿಂದಿನ ಆ ಬಾಣಂತನವನ್ನು ಅವರು ಹೆಮ್ಮೆಯಿಂದಲೇ ವಿವರಿಸಿದರು. ಮಗಳನ್ನು ಚಾಪೆಯಿಂದ ಏಳಲು ಬಿಟ್ಟಿರಲಿಲ್ಲ. ಹೊಟ್ಟೆ ಬರುತ್ತದೆಂದು ನೀರು ಹೆಚ್ಚು ಕೊಟ್ಟಿರಲಿಲ್ಲ.

“ಎಡಗಾಲು ಬಾತದ್ದು ಹೌದು. ಬಾಣಂತಿಗೆ ನೀರು ಇಳಿಯುವುದು ಉಂಟಲ್ಲ, ಹಾಗೆ. ನಾನೇ ದಿನಾ ಎಣ್ಣೆ ಹಾಕಿ ತಿಕ್ಕಿ ಮೀಯಿಸಿದ್ದೇನೆ. ತಿಂಗಳಲ್ಲಿ ಇಳೀತು.”

ಅದು ನೀರಲ್ಲ, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬಂದ ಬಾವು ಎಂದು ಇಬ್ಬರಿಗೂ ಅರ್ಥವಾಗುವಂತೆ ಹೇಳಬೇಕಿತ್ತು. ಘಟ್ಟ ಹತ್ತುವ ಮುಖ್ಯ ರಸ್ತೆಯಾದ ಶಿರಾಡಿ ಘಾಟಿ ಬಂದ್ ಆದರೆ ಬಸ್ಸು ಲಾರಿಗಳೆಲ್ಲ ಚಾರ್ಮಾಡಿಯಲ್ಲಿ ಬರುತ್ತವೆ, ಬೆಳ್ತಂಗಡಿ ಪೇಟೆ ತುಂಬಿಹೋಗುತ್ತದೆ. ಪೇಟೆಯ ಗದ್ದಲ ತಪ್ಪಿಸಲು ಚಾರ್ಮಾಡಿಯನ್ನೂ ಮುಚ್ಚಿದರೆ ಏನಾದೀತು? ಮುಚ್ಚಿದ ಆಳದ ನಾಳ ಶಿರಾಡಿಯಾದರೆ, ಈ ಉಬ್ಬಿದ ನಾಳಗಳು ಆ ಚಾರ್ಮಾಡಿ ರಸ್ತೆಯ ಹಾಗೆ. ರಕ್ತ ಮೇಲೇರಲು ಈಗ ಇರುವ ದಾರಿ ಮುಖ್ಯವಾಗಿ ಅದೇ. ನಾಳೆ ಲೇಸರಿನಲ್ಲಿ ಅದನ್ನು ಮುಚ್ಚುವಂತಿಲ್ಲ ಎಂದೆ.

ಶಶಿಕಲಾ ಮಾನಿಟರಿನ ಕಡೆಗೆ ತಿರುಗಿದರು. “ಹಾಗಾದ್ರೆ ಇದು ಹೀಗೇ ಇರ್ತದೆ” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಲಲಿತಕ್ಕ ಮಾತ್ರ ಪ್ರಶ್ನೆಯನ್ನೇ ಕೇಳಿದರು. “ನಾನು ತಿಕ್ಕಿದ್ದರಿಂದ ಆದದ್ದಾ?”

ಅಲ್ಲ, ಅದೆಲ್ಲ ಮುಗಿದ ಕಥೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರು ಸೆರಗು ಸರಿಮಾಡಿಕೊಂಡು ಎದ್ದರು. ಕಿರಿಯ ಮಗಳು ಸೌಮ್ಯ ಹೆತ್ತು ಹನ್ನೊಂದು ದಿನವಾಗಿತ್ತು. ಅವಳ ಸ್ನಾನಕ್ಕೆ ಹೊತ್ತಾಗುತ್ತದೆ ಎಂದರು. ನಿನ್ನೆಯಿಂದ ಅವಳಿಗೂ ಎಡಗಾಲು ಭಾರ, ಮೀನಖಂಡ ನೋವು, ಹೋಗಿ ಎಣ್ಣೆ ಹಚ್ಚಿ ತಿಕ್ಕಬೇಕು ಎಂದೂ ಸೇರಿಸಿದರು.

ಸಮಾಧಾನದ ಮಾತು ಅಲ್ಲಿಗೆ ಮುಗಿಯಿತು. ಹೊಸದಾಗಿ ಹೆಪ್ಪುಗಟ್ಟಿದ ರಕ್ತ ತಿಕ್ಕಿದಾಗ ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಹೋದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಅದನ್ನು ಅದೇ ಮಾತುಗಳಲ್ಲಿ ಹೇಳಿದೆ. ತಿಕ್ಕಲೇಬಾರದು, ಈಗಲೇ ಕರೆತರಬೇಕು ಎಂದೆ.

ಲಲಿತಕ್ಕ ಒಪ್ಪಲಿಲ್ಲ. ಹಸಿ ಬಾಣಂತಿಯನ್ನು ಗಾಳಿಗೆ ಹೊರಗೆ ತರುವುದುಂಟೇ, ಇಷ್ಟು ವರ್ಷದಲ್ಲಿ ಎಷ್ಟು ಬಾಣಂತನ ಮಾಡಿದ್ದೇನೆ ಎಂದರು. ಸ್ವರ ಏರಿಸದೆ, ಬಾಗಿಲ ಕಡೆಗೆ ಹೆಜ್ಜೆ ಇಡುತ್ತಲೇ ಹೇಳಿದರು.

ಆಗ ಶಶಿಕಲಾ ಎದ್ದು ಕುಳಿತು, ನಾನು ಹಾಕಿದ್ದ ಹೊದಿಕೆಯನ್ನು ತೆಗೆದರು.

“ಅಮ್ಮ, ಇದನ್ನೊಮ್ಮೆ ನೋಡಿ. ಆಮೇಲೆ ಬೇಕಾದ್ರೆ ಹೋಗಿ.”

ಲಲಿತಕ್ಕ ಹತ್ತಿರ ಬಂದು ಬಗ್ಗಿದರು. ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತುಳುವಿನಲ್ಲಿ ಮಗಳಿಗೆ ಹೇಳಿದ್ದು ಇಷ್ಟೇ: ಸೌಮ್ಯಳ ಗಂಡನಿಗೆ ಫೋನ್ ಮಾಡು, ಕಾರು ತೆಗೆಯಲಿ.

ಸಂಜೆಯ ಹೊತ್ತಿಗೆ ಸೌಮ್ಯ ಬಂದಳು. ಕಿವಿಯಲ್ಲಿ ಹತ್ತಿ, ತಲೆಗೆ ಶಾಲು, ಮಗು ಗಂಡನ ಕೈಯಲ್ಲಿ. ಎಡಗಾಲು ಬಲಗಾಲಿಗಿಂತ ಸ್ವಲ್ಪವೇ ದಪ್ಪವಿತ್ತು. ಸರಿಯಾದ ಅಭಿಧಮನಿಯನ್ನು ಪ್ರೋಬಿನಿಂದ ಒತ್ತಿದರೆ ಪರದೆಯ ಮೇಲೆ ಅದು ಚಪ್ಪಟೆಯಾಗುತ್ತದೆ. ಹೆಪ್ಪು ಇದ್ದರೆ ಆಗುವುದಿಲ್ಲ. ಸೌಮ್ಯಳ ತೊಡೆಯ ನಾಳ ಚಪ್ಪಟೆಯಾಗಲಿಲ್ಲ. ಹೆಪ್ಪು ಬೆಳೆಯದಂತೆ ತಡೆಯುವ ಚುಚ್ಚುಮದ್ದನ್ನು ವಾರ್ಡಿನ ವೈದ್ಯರು ಕೂಡಲೇ ಶುರುಮಾಡಿದರು. ಹಾಲೂಡಿಸುವ ತಾಯಿಗೆ ಹೊಂದುವ ಔಷಧವೇ ಅದು.

ಹೊರಡುವ ಮೊದಲು ಲಲಿತಕ್ಕ ಬಾಗಿಲ ಬಳಿ ನಿಂತು ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರು. ಹೆಪ್ಪುಗಟ್ಟುವ ಸ್ವಭಾವ ಮನೆತನದ ರಕ್ತದಲ್ಲಿಯೇ ಇರಬಹುದು, ಹೆರಿಗೆಯ ನಂತರದ ವಾರಗಳಲ್ಲಿ ಅದು ಯಾರಿಗಾದರೂ ಹೆಚ್ಚುತ್ತದೆ ಎಂದೆ. ಅಲುಗಾಡದೆ ಮಲಗಿದ್ದು, ನೀರು ಕುಡಿಯದ್ದು ಅದಕ್ಕೆ ಸೇರಿಕೊಂಡಿರಬಹುದು ಎಂದೂ ಹೇಳಿದೆ. ತಿಕ್ಕಿದ್ದರಿಂದ ಹೆಪ್ಪು ಬಂದದ್ದಲ್ಲ. ಆದರೆ ತಿಕ್ಕಿಯೂ ಮಗಳು ಉಳಿದದ್ದು ಅದೃಷ್ಟ ಎಂದೂ ಸೇರಿಸಿದೆ. ಅವರು ತಲೆಯಾಡಿಸಿದರು. ಸುಳ್ಳು ಹೇಳಿದ್ದರೆ ಅವರಿಗೆ ಗೊತ್ತಾಗುತ್ತಿತ್ತೆಂದು ನನಗನಿಸುತ್ತದೆ.

ಕೆಲವು ತಿಂಗಳ ನಂತರ ಸೌಮ್ಯ ಮತ್ತೆ ಬಂದಾಗ ಆ ನಾಳ ಒತ್ತಿದ ಕೂಡಲೇ ಚಪ್ಪಟೆಯಾಯಿತು. ಹೆಪ್ಪು ಹೊಸದಿರುವಾಗಲೇ ಔಷಧ ಸಿಕ್ಕಿದ್ದರಿಂದ ದಾರಿ ತೆರೆದುಕೊಂಡಿತ್ತು. ಜೊತೆಯಲ್ಲಿ ಶಶಿಕಲಾ ಇದ್ದರು. ಮುಚ್ಚಿದ ನಾಳಕ್ಕೆ ಸ್ಟೆಂಟ್ ಹಾಕಬಹುದೇ ಎಂದು ಮಂಗಳೂರಿನ ತಜ್ಞರು ನೋಡಿ, ಹಾನಿ ತೊಡೆಯ ಕೆಳಗಿನವರೆಗೂ ಇರುವುದರಿಂದ ಸದ್ಯಕ್ಕೆ ಬೇಡವೆಂದಿದ್ದರು. ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಷನ್ ಸ್ಟಾಕಿಂಗ್, ನಡಿಗೆ, ಮಲಗುವಾಗ ಕಾಲು ಎತ್ತರಿಸುವುದು — ಇವೇ ಅವರ ಚಿಕಿತ್ಸೆ. ಸೀರೆ ವಿಭಾಗದ ಕೆಲಸ ಹೋಗಿತ್ತು. ಈಗ ಅದೇ ಅಂಗಡಿಯಲ್ಲಿ ಕುಳಿತು ಫಾಲ್ ಹೊಲಿಯುತ್ತಾರೆ. ಪರದೆಯ ಮೇಲಿನ ತಂಗಿಯ ನಾಳವನ್ನೂ ನನ್ನ ಮುಖವನ್ನೂ ನೋಡಿ, “ಇವಳಿಗಾದರೂ ಘಾಟಿ ಓಪನ್ ಆಯ್ತಲ್ಲ” ಎಂದರು.

ಡಾಪ್ಲರ್ ಕೊಠಡಿಗೆ ರೋಗಿಯೊಬ್ಬರನ್ನೇ ಕರೆಯುವುದು ನಮ್ಮಲ್ಲಿದ್ದ ಪದ್ಧತಿ. ಈಗ ನಾನು, ರೋಗಿ ಒಪ್ಪಿದರೆ, ಹೊರಗೆ ಕುಳಿತ ತಾಯಿಯನ್ನೋ ಅತ್ತೆಯನ್ನೋ ಒಂದು ನಿಮಿಷ ಒಳಗೆ ಕರೆಯುತ್ತೇನೆ. ಒಂದು ದೇಹಕ್ಕೆ ಏನಾಗಿತ್ತೆಂಬುದು ಎಷ್ಟೋ ಸಲ ಅದನ್ನು ಮೀಯಿಸಿದ ಕೈಗಳಿಗೆ ಗೊತ್ತಿರುತ್ತದೆ. ಆ ಕೈಗಳು ಮುಂದೆ ಯಾರನ್ನು ಮೀಯಿಸಲಿವೆ ಎಂಬುದನ್ನೂ ಕೇಳಿಯೇ ಕಳುಹಿಸಬೇಕು.