ಡೈನೋಸಾರ್ ತಲೆ ಮೇಲಿನ ಖಾಲಿ ಆಕಾಶ

ಕುಂದಲಹಳ್ಳಿಯ ಸೊಣ್ಣಪ್ಪನ ಫ್ಲೆಕ್ಸ್ ಅಂಗಡಿಯಲ್ಲಿ ವೇಣಿಯ ಕೆಲಸ ತಲೆಗಳನ್ನು ಜೋಡಿಸುವುದು. ಹುಟ್ಟುಹಬ್ಬವಿರಲಿ, ಗಣೇಶೋತ್ಸವವಿರಲಿ, ಬ್ಯಾನರಿನ ನಡುವೆ ಒಬ್ಬ ದೊಡ್ಡ ಮನುಷ್ಯ, ಸುತ್ತ ಶುಭ ಕೋರುವವರ ಮುಖಗಳು. ಒಂದು ಮುಖ ಬಿಟ್ಟುಹೋದರೂ ಅಂಗಡಿ ಮುಂದೆ ರಂಪ. ಹಾಗಾಗಿ ಅಂಗೈಯಗಲ ಜಾಗವನ್ನೂ ಖಾಲಿ ಬಿಡುವಂತಿರಲಿಲ್ಲ.

ಗಿರಾಕಿಗಳಿಲ್ಲದ ಮಧ್ಯಾಹ್ನ ಅದೇ ಕಂಪ್ಯೂಟರಿನಲ್ಲಿ ಅವಳು ಡೈನೋಸಾರ್‌ಗಳ ಚಿತ್ರ ಬರೆಯುತ್ತಿದ್ದಳು. ಇಂಟರ್ನೆಟ್ಟಿನಲ್ಲಿ ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳನ್ನು ಕಂಡಂದಿನಿಂದ ಡೈನೋಸಾರ್‌ಗಳನ್ನು ಅದೇ ಶೈಲಿಯಲ್ಲಿ ಬರೆಯುವ ಹುಚ್ಚು ಹಿಡಿದಿತ್ತು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ ಕೆತ್ತುತ್ತಾರೆಂದು ತಿಳಿದು, ಇವಳೂ ಒಂದೊಂದು ಬಣ್ಣವನ್ನು ಬೇರೆ ಬೇರೆ ಪದರದಲ್ಲಿ ಹಚ್ಚುತ್ತಿದ್ದಳು. ಒಂದೇ ಕ್ಲಿಕ್ಕಿನಲ್ಲಿ ಮುಗಿಯುವುದಕ್ಕೆ ಇಷ್ಟು ಪಡಿಪಾಟಲು ಯಾಕೆಂದು ಕೇಳಿದರೆ ನಗುತ್ತಿದ್ದಳು. ಆ ಹಟವನ್ನು ಮೆಚ್ಚದೆ ಇರಲಾಗದು.

೨೦೧೪ರಲ್ಲಿ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನವರು ಸುತ್ತಮುತ್ತಲ ಕಲಾವಿದರ ಪ್ರದರ್ಶನಕ್ಕೆ ಅವಳದೊಂದು ಚಿತ್ರವನ್ನು ಆರಿಸಿದರು. ಸುರುಳಿ ಅಲೆಗಳ ನಡುವೆ ನಿಂತು ಕತ್ತು ಚಾಚಿದ ಭಾರಿ ಡೈನೋಸಾರ್; ಅದರ ಮೇಲೆ, ಅರ್ಧ ಚಿತ್ರದಷ್ಟು, ಏನೂ ಇಲ್ಲದ ತಿಳಿ ಆಕಾಶ. ತಲೆ ಜೋಡಿಸುವವಳೆಂದಷ್ಟೇ ತನ್ನನ್ನು ಬಲ್ಲ ಊರಿಗೆ ಕೈಚಳಕ ತೋರಿಸಲು ಸಿಕ್ಕ ಮೊದಲ ಅವಕಾಶ. ಎತ್ತಿಟ್ಟಿದ್ದ ಒಳ್ಳೆಯ ಕ್ಯಾನ್ವಾಸ್ ರೋಲನ್ನು ಸೊಣ್ಣಪ್ಪನೇ ಕೊಟ್ಟ. ಅಷ್ಟಕ್ಕೆ ಸುಮ್ಮನಿರಬಾರದೆ ಪುಣ್ಯಾತ್ಮ? ಪ್ರದರ್ಶನದ ಹಿಂದಿನ ದಿನ, ಅವಳು ಊಟಕ್ಕೆ ಹೋದಾಗ ತಾನೇ ಪ್ರಿಂಟ್ ಹಾಕಿದ. ಬಂದು ನೋಡಿದರೆ ಆಕಾಶದ ತುಂಬ ಕೈಮುಗಿದ ವೇಣಿಯ ಫೋಟೊ, ಪಕ್ಕದಲ್ಲಿ ಶುಭ ಕೋರುವ ಸೊಣ್ಣಪ್ಪ.

“ಖಾಲಿ ಇತ್ತಲ್ಲಮ್ಮ, ಮರ್ತಿದ್ದೀಯ ಅಂದ್ಕೊಂಡೆ,” ಅಂದ.

ವೇಣಿಗೆ ಅಳುವೂ ಬಂತು, ಕೋಪವೂ ಬಂತು. ಅಭಿಮಾನದಿಂದ ಮಾಡಿದವನನ್ನು ಬೈಯುವುದಾದರೂ ಹೇಗೆ? ರೋಲಿನಲ್ಲಿ ಉಳಿದದ್ದು ಒಂದು ತುಂಡು ಮಾತ್ರ. ಇಡೀ ಚಿತ್ರ ಹಿಡಿಸಬೇಕಾದರೆ ತೀರಾ ಕುಗ್ಗಿಸಬೇಕು. ಮೇಲಿನ ಆಕಾಶ ಕತ್ತರಿಸಿದರೆ ಡೈನೋಸಾರ್ ಮೊದಲಿನಷ್ಟೇ ದೊಡ್ಡದಾಗಿ ಬರುತ್ತದೆಂದು ಸೊಣ್ಣಪ್ಪ ದಾರಿ ತೋರಿಸಿದ.

“ಬೇಡಣ್ಣ,” ಅಂದಳು ವೇಣಿ. “ಡೈನೋಸಾರ್ ಚಿಕ್ಕದಾಗ್ಲಿ. ಆಕಾಶ ಮುಟ್ಬೇಡಿ.”

ಮರುದಿನ ಟೆಕ್ ಪಾರ್ಕಿನ ಗೋಡೆಯ ಮೇಲೆ ಎಲ್ಲಕ್ಕಿಂತ ಚಿಕ್ಕ ಚಿತ್ರ ಅವಳದೇ. ಕೊರಳಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡವರು ದೊಡ್ಡ ಚಿತ್ರಗಳನ್ನು ನಡೆಯುತ್ತಲೇ ನೋಡಿ, ಇದರ ಮುಂದೆ ಮಾತ್ರ ಬಗ್ಗಿ ನಿಂತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಸೊಣ್ಣಪ್ಪನೂ ಬಗ್ಗಿ ಬಹಳ ಹೊತ್ತು ನೋಡಿದ.

“ಚಿಕ್ಕದು ಮಾಡಿದ್ಮೇಲೇ ದೊಡ್ಡದಾಗಿ ಕಾಣ್ತದಲ್ಲಮ್ಮ ಇದು,” ಅಂದ.